ಒರಳು ಒಂದೇ, ಅಚ್ಚು ಬೇರೆ ಬೇರೆ

ಒಂದು ಸಮಸ್ಯೆ ಬಿಡಿಸಲು ಎಲ್ಲ ಕೆಲಸಕ್ಕೂ ಆಗುವ ಸಾಮಾನ್ಯ ಕಂಪ್ಯೂಟರ್ ಭಾಷೆ ಹಿಡಿಯಬೇಕೋ, ಆ ಕೆಲಸಕ್ಕೆಂದೇ ಪ್ರೋಗ್ರಾಮ್ ಬರೆಯಬೇಕೋ? ಇವತ್ತಿನ ಮಾತು ಅದರ ಬಗ್ಗೆ. ಗೌರಿಬಿದನೂರಿನ ಕಡೆ ಓಡಾಡಿದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಅಲ್ಲಿ ಹೊಲ, ಬಂಡೆ, ಗುಡ್ಡಗಳ ನಡುವೆ 1965ರಿಂದ ಭೂಕಂಪನ ಅಳೆಯುವ ಉಪಕರಣಗಳ ಒಂದು ಸಾಲು ಇದೆ. ಇಂಗ್ಲಿಷಿನ ಎಲ್ ಅಕ್ಷರದ ಆಕಾರ. ಎರಡು ತೋಳು, ಒಟ್ಟು 20 ಮಾಪಕಗಳು. ಭಾಭಾ ಅಣು ಸಂಶೋಧನಾ ಕೇಂದ್ರದವರು ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರದ ಜೊತೆ ಸೇರಿ ಕಟ್ಟಿದ್ದು. ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮುಂಗ, ಇವೆಲ್ಲ ಇದರ ಅಣ್ಣತಮ್ಮಂದಿರು. ದೂರದಲ್ಲೆಲ್ಲೋ ಯಾರಾದರೂ ನೆಲದೊಳಗೆ ಅಣುಬಾಂಬ್ ಸಿಡಿಸಿದರೆ ಅದನ್ನು ಇಲ್ಲಿ ಕೂತು ಕೇಳಿಸಿಕೊಳ್ಳುವುದು ಉದ್ದೇಶ.

ಒಂದೇ ಮಾಪಕ ಸಾಕಾಗೋದಿಲ್ವಾ, 20 ಯಾಕೆ? ಅಲೆ ಒಂದು ಮಾಪಕವನ್ನು ಮೊದಲು ತಟ್ಟುತ್ತದೆ, ಪಕ್ಕದ್ದನ್ನು ಸ್ವಲ್ಪ ತಡವಾಗಿ. ಆ ತಡದಿಂದ ಅಲೆ ಯಾವ ದಿಕ್ಕಿನಿಂದ ಬಂತು, ಯಾವ ಓರೆಯಲ್ಲಿ ಮೇಲೆ ಬಂತು ಎಂದು ಲೆಕ್ಕ ಹಾಕಬಹುದು. ಈ ಓರೆಯ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಇಂಥ ಜಾಲಗಳನ್ನೆಲ್ಲ ಸೇರಿಸಿ ಇಡೀ ಭೂಮಿಗೆ ಕಿವಿಗೊಡುವ ಕೆಲಸ ವಿಯೆನ್ನಾದಲ್ಲಿ ನಡೆಯುತ್ತದೆ. 1996ರಲ್ಲಿ ಅಣುಪರೀಕ್ಷೆ ನಿಷೇಧ ಒಪ್ಪಂದ ಸಹಿಗೆ ಬಂತಲ್ಲ, ಅದರ ಕಾವಲು ವ್ಯವಸ್ಥೆ. ಒಪ್ಪಂದದ ಪ್ರಕಾರ ಭೂಕಂಪನ ಕೇಂದ್ರಗಳೇ 170. ಭಾರತ ಸಹಿ ಹಾಕಿಲ್ಲ, ಹಾಗಾಗಿ ನಮ್ಮ ಗೌರಿಬಿದನೂರು ಆ ಪಟ್ಟಿಯಲ್ಲಿ ಇಲ್ಲ. ಅದು ರಾಜಕೀಯ, ಇವತ್ತು ನಮ್ಮ ವಿಷಯ ಅಲ್ಲ.

ನಮ್ಮ ವಿಷಯ ಅಲ್ಲಿಗೆ ಬಂದು ಬೀಳುವ ದತ್ತಾಂಶ. ಪ್ರತಿ ಕೇಂದ್ರವೂ ‘ಇಷ್ಟು ಹೊತ್ತಿಗೆ ಏನೋ ತಟ್ಟಿತು’ ಎಂದು ಒಂದು ಪಟ್ಟಿ ಕಳಿಸುತ್ತಾ ಇರುತ್ತದೆ. ಅದರಲ್ಲಿ ಎಷ್ಟೋ ಬರೀ ಗದ್ದಲ. ಲಾರಿ ಹೋಗಿರಬಹುದು, ಗಾಳಿ ಬೀಸಿರಬಹುದು. ನಿಜವಾದ ಕಂಪನ ಆಗಿದ್ದರೂ ಅದು ಎಲ್ಲ ಕೇಂದ್ರಕ್ಕೂ ಕೇಳುವುದಿಲ್ಲ. ಭೂಮಿಯ ಆ ಬದಿಯಿಂದ ಈ ಬದಿಗೆ ಅಲೆ ಬರಲು ಸುಮಾರು 20 ನಿಮಿಷ ಬೇಕು, ಅಷ್ಟರಲ್ಲಿ ಇನ್ನೆರಡು ಕಡೆ ನೆಲ ನಡುಗಿರುತ್ತದೆ.

ಮದುವೆ ಮನೆ ಬಾಗಿಲಲ್ಲಿ ಚಪ್ಪಲಿ ರಾಶಿ ನೋಡಿದ್ದೀರಲ್ಲ? ಆ ರಾಶಿ ಮಾತ್ರ ತೋರಿಸಿ, ಒಳಗೆ ಎಷ್ಟು ಜನ ಇದ್ದಾರೆ, ಯಾವ ಎಡ ಯಾವ ಬಲಕ್ಕೆ ಸೇರಿದ್ದು ಹೇಳಿ ಅಂದರೆ? ಕೆಲವು ಒಂಟಿ. ಕೆಲವು ಕಳೆದ ವಾರದ ಮದುವೆಯವರು ಬಿಟ್ಟುಹೋದವು. ವಿಯೆನ್ನಾದ ಸಮಸ್ಯೆ ಹೆಚ್ಚುಕಮ್ಮಿ ಇದೇ. ಎಷ್ಟು ಘಟನೆ ನಡೆದವು ಎನ್ನುವುದೇ ಗೊತ್ತಿಲ್ಲ. ಯಾವ ತಟ್ಟು ಯಾವ ಘಟನೆಯದು ಎಂಬುದೂ ಗೊತ್ತಿಲ್ಲ.

ಇದನ್ನು ಬಿಡಿಸಲು ಎರಡು ದಾರಿ. ಈ ಒಂದು ಕೆಲಸಕ್ಕೆಂದೇ ಶುರುವಿನಿಂದ ಪ್ರೋಗ್ರಾಮ್ ಬರೆಯುವುದು ಒಂದು. ಇನ್ನೊಂದು, ತರ್ಕ ಮತ್ತು ಸಂಭವನೀಯತೆ ಎರಡನ್ನೂ ಹೇಳಬಲ್ಲ ಒಂದು ಸಾಮಾನ್ಯ ಭಾಷೆ ತೆಗೆದುಕೊಂಡು, ಲೋಕ ಹೇಗಿದೆ ಎಂದಷ್ಟೇ ಅದರಲ್ಲಿ ಬರೆದು, ಉತ್ತರ ಹುಡುಕುವ ಕೆಲಸ ಯಂತ್ರಕ್ಕೆ ಬಿಡುವುದು. ಮೊದಲನೆಯದನ್ನು ಇಂಜಿನಿಯರುಗಳು ಇಷ್ಟಪಡುತ್ತಾರೆ, ಎರಡನೆಯದನ್ನು ಪ್ರೊಫೆಸರುಗಳು. ನಾನು ಎರಡೂ ಕಡೆ ಪೆಟ್ಟು ತಿಂದವನು. ಆದ್ದರಿಂದಲೇ ಇಲ್ಲಿ ನಿಂತಿದ್ದೇನೆ.

ಮೊದಲು ಸಾಮಾನ್ಯ ಭಾಷೆ ಎಷ್ಟು ಚೆಂದ ಎಂದು ತೋರಿಸುತ್ತೇನೆ. ಪ್ರಾಬ್ಲಾಗ್ ಎಂಬುದು ಒಂದು. 2007ರಲ್ಲಿ ಬಂತು, ಇವತ್ತು ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದಲ್ಲಿ ಅದರ ಮನೆ. ತರ್ಕದ ನಿಯಮ ಬರೆಯುವ ಪ್ರೊಲಾಗ್ ಎಂಬ ಹಳೆಯ ಭಾಷೆ ಗೊತ್ತಿದ್ದರೆ ಇದು ಹತ್ತು ನಿಮಿಷದಲ್ಲಿ ಬರುತ್ತದೆ. ಸಂಗತಿಯ ಮುಂದೆ ಒಂದು ಸಂಖ್ಯೆ, ಎರಡು ಕೋಲನ್, ಅಷ್ಟೇ.

ಮಳೆಗಾಲದಲ್ಲಿ ಶಿವಮೊಗ್ಗದಿಂದ ಉಡುಪಿಗೆ ಹೋಗಬೇಕು ಅಂದುಕೊಳ್ಳಿ. ತೀರ್ಥಹಳ್ಳಿವರೆಗೆ ಒಂದೇ ರಸ್ತೆ. ಅಲ್ಲಿಂದ ಆಗುಂಬೆ ಘಾಟಿ ಇಳಿದು ಹೆಬ್ರಿ ಮೇಲೆ ಹೋಗಬಹುದು, ಇಲ್ಲವೇ ಹುಲಿಕಲ್ ಘಾಟಿ ಇಳಿದು ಸಿದ್ದಾಪುರದ ಕಡೆಯಿಂದ. ಸುಮ್ನೆ ಲೆಕ್ಕಕ್ಕೆ ಇಟ್ಟುಕೊಳ್ಳೋಣ: ತೀರ್ಥಹಳ್ಳಿವರೆಗಿನ ರಸ್ತೆ ತೆರೆದಿರುವ ಸಾಧ್ಯತೆ 0.9, ಆಗುಂಬೆ 0.7, ಹುಲಿಕಲ್ 0.6. ಉಡುಪಿ ತಲುಪುವ ಸಾಧ್ಯತೆ ಎಷ್ಟು?

ಅವಸರದವನು ಹೀಗೆ ಮಾಡುತ್ತಾನೆ. ಮೊದಲ ದಾರಿ 0.9 ಗುಣಿಸು 0.7, ಅಂದರೆ 0.63. ಎರಡನೆಯದು 0.9 ಗುಣಿಸು 0.6, ಅಂದರೆ 0.54. ಎರಡೂ ಕೈಕೊಡುವ ಸಾಧ್ಯತೆ 0.37 ಗುಣಿಸು 0.46, ಸುಮಾರು 0.17. ಹಾಗಾದರೆ ತಲುಪುವುದು 0.83. ಸರಿಯಾಗಿ ಕಾಣುತ್ತದೆ ಅಲ್ವಾ? ತಪ್ಪು. ಎರಡೂ ದಾರಿಗೆ ತೀರ್ಥಹಳ್ಳಿ ರಸ್ತೆ ಒಂದೇ. ಅದು ಮುಚ್ಚಿದರೆ ಎರಡೂ ಒಟ್ಟಿಗೆ ಮುಚ್ಚುತ್ತವೆ. ಘಾಟಿಗಳಲ್ಲಿ ಒಂದಾದರೂ ತೆರೆದಿರುವ ಸಾಧ್ಯತೆ 0.88, ಅದನ್ನು 0.9ರಿಂದ ಗುಣಿಸಿದರೆ 0.792. ಸರಿಯಾದ ಉತ್ತರ ಅದು.

ಪ್ರಾಬ್ಲಾಗಿನಲ್ಲಿ ಈ ತಪ್ಪು ಮಾಡಲು ನಿಮಗೆ ಅವಕಾಶವೇ ಇಲ್ಲ. ಮೂರು ಸಂಗತಿ ಬರೆಯುತ್ತೀರಿ, ‘ರಸ್ತೆ ಇದ್ದರೆ ತಲುಪಬಹುದು’ ಎಂಬ ಒಂದೆರಡು ನಿಯಮ ಬರೆಯುತ್ತೀರಿ, ಹಂಚಿಕೊಂಡ ತುಣುಕನ್ನು ಅದು ತಾನೇ ನೋಡಿಕೊಳ್ಳುತ್ತದೆ. ನಾಳೆ ಕುದುರೆಮುಖದ ದಾರಿ ಸೇರಿಸಿ ಅಂದರೆ ಒಂದೆರಡು ಸಾಲು ಜಾಸ್ತಿ, ಅಷ್ಟೇ.

ಆದರೆ ಬೆಲೆ ಇದೆ. ಜಾಲದಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾರಿ ಇರುವ ಸಾಧ್ಯತೆ ಕಂಡುಹಿಡಿಯುವುದು ಕಷ್ಟದ ಲೆಕ್ಕಗಳ ಸಾಲಿಗೆ ಸೇರಿದ್ದು ಎಂದು 1979ರಲ್ಲೇ ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ವ್ಯಾಲಿಯಂಟ್ ತೋರಿಸಿದ್ದರು. ಮೂರು ರಸ್ತೆಗೆ ಸರಿ. ಮುನ್ನೂರು ರಸ್ತೆ ಹೆಣೆದುಕೊಂಡರೆ ಯಾವ ಜಾಣ ಯಂತ್ರವಾದರೂ ಒಂದು ಹಂತದಲ್ಲಿ ಕೂತುಬಿಡಬಹುದು. ಭಾಷೆಯಲ್ಲಿ ಎರಡು ಸಾಲು ಬರೆಯುವುದು ಸುಲಭ ಎಂದ ಮಾತ್ರಕ್ಕೆ ಅದರ ಹಿಂದಿನ ಲೆಕ್ಕ ಸುಲಭ ಆಗುವುದಿಲ್ಲ.

ಇಲ್ಲಿವರೆಗೆ ನೀವು ಬೇರೆ ಕಡೆಯೂ ಕೇಳಿರುತ್ತೀರಿ. ಸಾಮಾನ್ಯ ಅಂದರೆ ನಿಧಾನ, ವಿಶೇಷ ಅಂದರೆ ವೇಗ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆ. ‘ಸಾಮಾನ್ಯ’ ಅಂತ ಕರೆಯುವ ಚೌಕಟ್ಟುಗಳು ನಿಜಕ್ಕೂ ಅಷ್ಟು ಸಾಮಾನ್ಯ ಅಲ್ಲ. ಒಂದೊಂದಕ್ಕೂ ಅದರದೇ ನಂಬಿಕೆ ಇದೆ, ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಮಾರ್ಕೋವ್ ಲಾಜಿಕ್ ಎಂಬ ಇನ್ನೊಂದು ಚೌಕಟ್ಟು ತೆಗೆದುಕೊಳ್ಳಿ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಮ್ಯಾಥ್ಯೂ ರಿಚರ್ಡ್‌ಸನ್ ಮತ್ತು ಪೆಡ್ರೊ ಡೊಮಿಂಗೋಸ್ ಅವರದು, ಪೂರ್ಣ ಪ್ರಬಂಧ 2006ರದ್ದು. ಇಲ್ಲಿ ನಿಯಮಕ್ಕೆ ಸಂಭವನೀಯತೆ ಕೊಡುವುದಿಲ್ಲ, ತೂಕ ಕೊಡುತ್ತೀರಿ. ನಿಯಮ ಮುರಿದರೆ ಆ ಲೋಕ ಅಸಾಧ್ಯ ಆಗುವುದಿಲ್ಲ, ಸ್ವಲ್ಪ ಹಗುರ ಆಗುತ್ತದೆ, ಅಂದರೆ ಅದರ ಸಾಧ್ಯತೆ ಕಡಿಮೆ ಆಗುತ್ತದೆ. ಎಷ್ಟು ಸೊಗಸಾದ ಯೋಚನೆ ನೋಡಿ! ನಮ್ಮ ಬದುಕಿನ ನಿಯಮಗಳೆಲ್ಲ ಹಾಗೇ ಅಲ್ವಾ, ಮುರಿದರೆ ಆಕಾಶ ಬೀಳುವುದಿಲ್ಲ.

ಈಗ ಒಂದು ನಿಯಮ ಬರೆಯೋಣ: ‘ಊರಲ್ಲಿ ಒಬ್ಬ ಕೆಮ್ಮುತ್ತಿದ್ದರೆ ಊರಲ್ಲಿ ಜ್ವರ ಹಬ್ಬಿದೆ.’ ನಿಯಮ ನಿಂತರೆ 3 ಅಂಕ, ಮುರಿದರೆ 1 ಅಂಕ ಎನ್ನುವಂತೆ ತೂಕ ಇಡೋಣ. ಒಬ್ಬನೇ ಇರುವ ಊರು. ಜ್ವರ ಇದೆ ಎಂದರೆ ಅವನು ಕೆಮ್ಮಿದರೂ 3, ಕೆಮ್ಮದಿದ್ದರೂ 3, ಒಟ್ಟು 6. ಜ್ವರ ಇಲ್ಲ ಎಂದರೆ ಕೆಮ್ಮಿದಾಗ ನಿಯಮ ಮುರಿದು 1, ಕೆಮ್ಮದಿದ್ದರೆ 3, ಒಟ್ಟು 4. ಹತ್ತರಲ್ಲಿ ಆರು. ಜ್ವರದ ಸಾಧ್ಯತೆ ಶೇ. 60.

ಹತ್ತು ಜನರ ಊರಾದರೆ? ಪ್ರತಿಯೊಬ್ಬನೂ 6ಕ್ಕೆ 4ರಂತೆ, ಅಂದರೆ ಒಂದೂವರೆ ಪಟ್ಟು ಜ್ವರದ ಕಡೆ ತಳ್ಳುತ್ತಾನೆ. ಒಂದೂವರೆಯನ್ನು ಹತ್ತು ಸಲ ಗುಣಿಸಿದರೆ ಸುಮಾರು 57.7. ಸಾಧ್ಯತೆ ಶೇ. 98 ದಾಟಿತು. ಗಮನಿಸಿ, ನಾವು ಒಬ್ಬರನ್ನೂ ನೋಡಿಲ್ಲ. ಯಾರೂ ಕೆಮ್ಮಿದ್ದು ಕೇಳಿಲ್ಲ. ಊರು ದೊಡ್ಡದಾಯಿತು ಎಂಬ ಒಂದೇ ಕಾರಣಕ್ಕೆ ಜ್ವರ ಬಂತು!

ಇದು ತಂತ್ರಾಂಶದ ತಪ್ಪಲ್ಲ. ಚೌಕಟ್ಟಿನ ಸ್ವಭಾವವೇ ಹಾಗೆ. ಸಣ್ಣ ಊರಿನಲ್ಲಿ ಕಲಿತ ತೂಕವನ್ನು ದೊಡ್ಡ ಊರಿಗೆ ಹೊತ್ತೊಯ್ದರೆ ಅರ್ಥವೇ ಬದಲಾಗುತ್ತದೆ. ಪ್ರಾಬ್ಲಾಗಿನದು ಬೇರೆ ನಂಬಿಕೆ. ಒಂದು ಫಲಕ್ಕೆ ಹಲವು ಕಾರಣ ಬರೆದರೆ, ಪ್ರತಿಯೊಂದೂ ತನ್ನಷ್ಟಕ್ಕೆ ತಾನು ಕೆಲಸ ಮಾಡುತ್ತದೆ ಎಂದು ಅದು ಎಣಿಸುತ್ತದೆ. ಸ್ಟಾನ್ ಎಂಬ ಇನ್ನೊಂದಿದೆ, ಗಣಿತಜ್ಞ ಸ್ಟಾನಿಸ್ಲಾ ಉಲಾಮ್ ಹೆಸರಿನದು, 2012ರದ್ದು. ಅದು ಮುಲಾಜಿಲ್ಲದೆ ಹೇಳಿಬಿಟ್ಟಿತು: ಕಂಡುಹಿಡಿಯಬೇಕಾದ್ದು ದಶಾಂಶದಲ್ಲಿ ಎಲ್ಲಿ ಬೇಕಾದರೂ ನಿಲ್ಲಬಲ್ಲ, ಹರಿಯುವ ಸಂಖ್ಯೆ ಆಗಿರಬೇಕು, ಹೌದು-ಇಲ್ಲ, ಒಂದು-ಎರಡು ಎಂಬಂಥದ್ದು ನೇರವಾಗಿ ನನ್ನ ಹತ್ತಿರ ತರಬೇಡಿ. ಸ್ವಲ್ಪ ಬಿಟ್ಟುಕೊಟ್ಟು ತುಂಬ ಗಳಿಸಿತು. ನನಗೆ ಆ ಪ್ರಾಮಾಣಿಕತೆ ಇಷ್ಟ.

ಈಗ ನನ್ನ ಸ್ವಂತ ಕಥೆ. ಕೆಲವು ವರ್ಷದ ಹಿಂದೆ ಒಂದು ಸಹಕಾರ ಸಂಘದ ಸದಸ್ಯರ ಪಟ್ಟಿ ನಮ್ಮ ಕೈಗೆ ಬಂತು. ಒಬ್ಬರೇ ಮನುಷ್ಯ ಮೂರು ಕಡೆ ಮೂರು ಥರ ಬರೆದಿರುತ್ತಾರೆ. ಒಂದು ಕಡೆ ವೆಂಕಟೇಶ, ಇನ್ನೊಂದು ಕಡೆ ವೆಂಕಟೇಶಪ್ಪ, ಮತ್ತೊಂದು ಕಡೆ ಇನಿಷಿಯಲ್ ಹಿಂದುಮುಂದು. ಯಾವ ಯಾವ ಸಾಲು ಒಬ್ಬರದೇ ಎಂದು ಹುಡುಕಬೇಕು.

ನಾನು ಖುಷಿಯಿಂದ ಮಾರ್ಕೋವ್ ಲಾಜಿಕ್ ಹಿಡಿದೆ. ನಿಯಮಗಳು ಎಷ್ಟು ಸಲೀಸು! ಹೆಸರು ಹತ್ತಿರ ಇದ್ದರೆ ಒಬ್ಬರೇ ಇರಬಹುದು. ತಂದೆಯ ಹೆಸರೂ ಕೂಡಿದರೆ ಇನ್ನೂ ಖಚಿತ. ಆಮೇಲೆ ಒಂದು ಮುಗ್ಧ ನಿಯಮ: ಮೊದಲನೆಯವನೂ ಎರಡನೆಯವನೂ ಒಬ್ಬನೇ, ಎರಡನೆಯವನೂ ಮೂರನೆಯವನೂ ಒಬ್ಬನೇ ಎಂದಾದರೆ, ಮೊದಲನೆಯವನೂ ಮೂರನೆಯವನೂ ಒಬ್ಬನೇ. ಇದನ್ನು ಯಾರು ಅಲ್ಲಗಳೆಯುತ್ತಾರೆ? ಆದರೆ ಯಂತ್ರ ಅದನ್ನು ಪ್ರತಿ ಮೂರು ಜನರ ಗುಂಪಿಗೂ ಬಿಡಿಸಿ ಬರೆಯುತ್ತದೆ. 1,000 ಸಾಲು ಇದ್ದರೆ ಸಾವಿರವನ್ನು ಮೂರು ಸಲ ಗುಣಿಸಿ, 100 ಕೋಟಿ. 10,000 ಸಾಲು ಇದ್ದರೆ ಒಂದು ಲಕ್ಷ ಕೋಟಿ. ನಮ್ಮ ಕಂಪ್ಯೂಟರಿನ ಫ್ಯಾನು ಹಿಟ್ಟಿನ ಗಿರಣಿಯ ಥರ ಶಬ್ದ ಮಾಡಿತು, ಉತ್ತರ ಬರಲಿಲ್ಲ.

ಆಗ ಎಲ್ಲರೂ ಮಾಡುವುದನ್ನೇ ಮಾಡಿದೆವು. ಈ ಕೆಲಸಕ್ಕೆಂದೇ ಪ್ರೋಗ್ರಾಮ್ ಬರೆದೆವು. ಒಂದೇ ಊರಿನ ಸಾಲುಗಳನ್ನು ಮಾತ್ರ ಹೋಲಿಸು. ಕೂಡಿದವರನ್ನು ಗುಂಪಿಗೆ ಹಾಕು, ಗುಂಪುಗಳು ಕೂಡಿದರೆ ಒಂದು ಮಾಡು. ನಾಲ್ಕು ನಿಮಿಷದಲ್ಲಿ ಮುಗಿಯಿತು. ಟೀ ಕುಡಿದು ಬಂದೆವು. ಎಲ್ಲರಿಗೂ ಸಮಾಧಾನ.

ತಪ್ಪು ಗೊತ್ತಾಗಿದ್ದು ಆಕಸ್ಮಿಕವಾಗಿ. ಹಳೆಯ ಸಾಮಾನ್ಯ ಮಾದರಿಯನ್ನು ನಾನು ಅಳಿಸಿರಲಿಲ್ಲ. ಒಂದು ದಿನ ಸುಮ್ನೆ 60 ಸಾಲಿನ ಒಂದು ಸಣ್ಣ ಪಟ್ಟಿ ಮಾಡಿ ಎರಡಕ್ಕೂ ಕೊಟ್ಟೆ. 60ಕ್ಕೆ ಎರಡು ಲಕ್ಷ ಹದಿನಾರು ಸಾವಿರ ಗುಂಪು, ಅದನ್ನು ಸಾಮಾನ್ಯ ಯಂತ್ರ ಆರಾಮವಾಗಿ ತಡೆದುಕೊಳ್ಳುತ್ತದೆ. ಉತ್ತರ ಐದು ಕಡೆ ಬೇರೆ ಬಂತು. ಐದರಲ್ಲಿ ನಾಲ್ಕು ಹೆಣ್ಣುಮಕ್ಕಳ ಹೆಸರು. ಮದುವೆಯಾಗಿ ಬೇರೆ ಊರಿಗೆ ಹೋದವರು. ತವರಿನಲ್ಲಿ ಒಂದು ಸಾಲು, ಗಂಡನ ಊರಿನಲ್ಲಿ ಒಂದು ಸಾಲು. ‘ಒಂದೇ ಊರು’ ಎಂಬ ನಮ್ಮ ಜಾಣತನ ಅವರನ್ನು ಇಬ್ಬಿಬ್ಬರನ್ನಾಗಿ ಮಾಡಿತ್ತು. ಆ ನಂಬಿಕೆ ನಿಯಮಗಳ ಪಟ್ಟಿಯಲ್ಲಿ ಇರಲೇ ಇಲ್ಲ. ವೇಗಕ್ಕೆಂದು ಹಾಕಿದ ಒಂದು ಫಾರ್ ಲೂಪಿನ, ಅಂದರೆ ಸಾಲುಗಳನ್ನು ಒಂದೊಂದಾಗಿ ಸುತ್ತಿ ನೋಡುವ ಕೋಡಿನ, ಒಳಗೆ ಅಡಗಿ ಕೂತಿತ್ತು. ಸಾಮಾನ್ಯ ಚೌಕಟ್ಟಿನ ನಂಬಿಕೆಯನ್ನಾದರೂ ಅದರ ಪ್ರಬಂಧ ಓದಿ ತಿಳಿಯಬಹುದು. ನಮ್ಮದೇ ಕೋಡಿನ ನಂಬಿಕೆಗೆ ಓದಲು ಪ್ರಬಂಧ ಎಲ್ಲಿದೆ?

ಇದನ್ನು ಇಟ್ಟುಕೊಂಡು ವಿಯೆನ್ನಾಕ್ಕೆ ವಾಪಸ್ ಹೋಗೋಣ, ಯಾಕೆಂದರೆ ಅಲ್ಲಿ ಇದನ್ನು ನನಗಿಂತ ಚೆನ್ನಾಗಿ ಮಾಡಿದ್ದಾರೆ. ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಬ್ರಯಾನ್ ಮಿಲ್ಚ್, ಸ್ಟುವರ್ಟ್ ರಸೆಲ್ ಮತ್ತು ಜೊತೆಗಾರರು 2005ರಲ್ಲಿ ಒಂದು ಭಾಷೆ ತಂದರು. ಹೆಸರು ಬೇಯ್ಸಿಯನ್ ಲಾಜಿಕ್, ಚಿಕ್ಕದಾಗಿ ಬ್ಲಾಗ್. ಅದರ ವಿಶೇಷ ಏನೆಂದರೆ, ಲೋಕದಲ್ಲಿ ಎಷ್ಟು ವಸ್ತುಗಳಿವೆ ಎಂಬುದನ್ನೇ ಗೊತ್ತಿಲ್ಲದ ಸಂಖ್ಯೆಯಾಗಿ ಬರೆಯಬಹುದು. ಚಪ್ಪಲಿ ರಾಶಿಗೆ ಹೇಳಿ ಮಾಡಿಸಿದ ಭಾಷೆ.

ನಿಮಾರ್ ಅರೋರಾ, ರಸೆಲ್, ಎರಿಕ್ ಸಡರ್ತ್ ಸೇರಿ ಭೂಕಂಪನದ ಇಡೀ ಮಾದರಿಯನ್ನು ಆ ರೀತಿಯಲ್ಲಿ ಯೋಚಿಸಿದರು. ಅದಕ್ಕೆ ನೆಟ್-ವೀಸಾ ಎಂದು ಹೆಸರು. ಬ್ಲಾಗ್ ಭಾಷೆಯಲ್ಲಿ ಬರೆದರೆ ಅರ್ಧ ಪುಟ. ಇಷ್ಟು ಹೊತ್ತಿನಲ್ಲಿ ಇಷ್ಟು ಘಟನೆ ನಡೆಯಬಹುದು. ಎಲ್ಲಿ ನಡೆಯಬಹುದು ಎಂಬುದಕ್ಕೆ ಹಳೆಯ ದಾಖಲೆ. ತೀವ್ರತೆ ಒಂದು ಅಂಕ ಏರಿದರೆ ಅಂಥ ಘಟನೆಗಳು ಹತ್ತನೇ ಒಂದಕ್ಕೆ ಇಳಿಯುತ್ತವೆ, ಗುಟೆನ್‌ಬರ್ಗ್ ಮತ್ತು ರಿಕ್ಟರ್ ಕಂಡುಕೊಂಡದ್ದು. ಒಂದು ಕೇಂದ್ರಕ್ಕೆ ಅದು ಕೇಳಿಸುವ ಸಾಧ್ಯತೆ ತೀವ್ರತೆ, ಆಳ, ದೂರದ ಮೇಲೆ ನಿಂತಿದೆ. ಕೇಳಿಸಿದರೆ ಬರುವ ಹೊತ್ತು ಅಂದರೆ ನಡೆದ ಹೊತ್ತು, ಅದಕ್ಕೆ ಪ್ರಯಾಣದ ಹೊತ್ತು, ಸ್ವಲ್ಪ ಹೆಚ್ಚುಕಡಿಮೆ. ಪ್ರತಿ ಕೇಂದ್ರಕ್ಕೂ ಅದರದೇ ಸುಳ್ಳು ತಟ್ಟುಗಳ ಲೆಕ್ಕ. ಮುಗಿಯಿತು. ಭೂವಿಜ್ಞಾನಿಯೊಬ್ಬರು ಇದನ್ನು ಓದಿ ‘ಈ ಸಾಲು ಸರಿ ಇಲ್ಲ’ ಎಂದು ಬೆರಳಿಟ್ಟು ತೋರಿಸಬಹುದು. ನನ್ನ ಫಾರ್ ಲೂಪಿಗೆ ಯಾರು ಬೆರಳಿಡುತ್ತಿದ್ದರು?

ಆದರೆ ಭಾಷೆಯ ಜೊತೆ ಬರುವ ಸಾಮಾನ್ಯ ಯಂತ್ರಕ್ಕೆ ಈ ಭಾರ ಹೊರಲು ಆಗುವಂತಿರಲಿಲ್ಲ. ಭೂಮಿಯ ಮೇಲೆ ಸುಮ್ಮನೆ ಒಂದು ಜಾಗ, ಒಂದು ಹೊತ್ತು ಊಹಿಸಿ, ತಟ್ಟುಗಳ ಪಟ್ಟಿಗೆ ಹೊಂದುತ್ತದಾ ನೋಡು ಅಂದರೆ ಯುಗ ಕಳೆದರೂ ಹೊಂದುವುದಿಲ್ಲ. ಹಾಗಾಗಿ ಹುಡುಕುವ ಭಾಗವನ್ನು ಮಾತ್ರ ಅವರು ಕೈಯಾರೆ ಬರೆದರು. ಇಲ್ಲಿ ಆ ಓರೆಯ ಮಾತು ಬರುತ್ತದೆ. ಒಂದು ತಟ್ಟನ್ನು ತೆಗೆದುಕೊಂಡು ದಿಕ್ಕು ಮತ್ತು ಓರೆಯಿಂದ ಹಿಂದಕ್ಕೆ ಲೆಕ್ಕ ಹಾಕಿದರೆ, ಅದು ಎಲ್ಲಿಂದ, ಎಷ್ಟು ಹೊತ್ತಿಗೆ ಹೊರಟಿರಬಹುದು ಎಂದು ಒಂದು ಅಂದಾಜು ಸಿಗುತ್ತದೆ. ಅಲ್ಲೊಂದು ಘಟನೆಯನ್ನು ಹುಟ್ಟಿಸು. ಬೇರೆ ಕೇಂದ್ರಗಳ ತಟ್ಟುಗಳು ಅದಕ್ಕೆ ಹೊಂದಿದರೆ ಇಟ್ಟುಕೊ. ಜಾಗ ಸ್ವಲ್ಪ ಸರಿಸಿ ನೋಡು. ತಟ್ಟುಗಳನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸಿ ನೋಡು. ಯಾವ ಘಟನೆ ಹೊಂದದೆ ಉಳಿಯಿತೋ ಅದನ್ನು ಸಾಯಿಸು. ಹುಟ್ಟು ಮತ್ತು ಸಾವು ಎಂದೇ ಆ ಹೆಜ್ಜೆಗಳನ್ನು ಕರೆಯುತ್ತಾರೆ.

ಮುಖ್ಯವಾದದ್ದು ಇಲ್ಲಿದೆ. ಈ ಹೆಜ್ಜೆಗಳೆಲ್ಲ ಬರೀ ಸಲಹೆ ಕೊಡುತ್ತವೆ. ತೀರ್ಪು ಕೊಡುವುದು ಆ ಅರ್ಧ ಪುಟದ ಮಾದರಿ. ಓರೆಯಿಂದ ಹಾಕಿದ ಲೆಕ್ಕ ತಪ್ಪಿದ್ದರೆ ಹೆಚ್ಚೆಂದರೆ ಒಂದು ಒಳ್ಳೆಯ ಊಹೆ ಕೈತಪ್ಪೀತು, ಕೆಟ್ಟ ಊಹೆ ಸುಮ್ಮನೆ ಒಳಗೆ ನುಗ್ಗಲಾರದು. ನಮ್ಮ ‘ಒಂದೇ ಊರು’ ನಿಯಮ ಸಲಹೆಯ ಜಾಗದಲ್ಲಿ ಇದ್ದು, ಬೇರೆ ಊರಿಗೂ ಆಗಾಗ ಇಣುಕಿ ನೋಡು ಎಂದಿದ್ದರೆ ಆ ನಾಲ್ಕು ಹೆಣ್ಣುಮಕ್ಕಳು ಕಳೆದುಹೋಗುತ್ತಿರಲಿಲ್ಲ. ನಾವು ಅದನ್ನು ತೀರ್ಪಿನ ಕುರ್ಚಿಯಲ್ಲಿ ಕೂರಿಸಿದ್ದೆವು.

ಫಲ ಏನಾಯಿತು? ಹಳೆಯ ತಂತ್ರಾಂಶ ಬಿಟ್ಟುಹಾಕುತ್ತಿದ್ದ ಘಟನೆಗಳ ಸಂಖ್ಯೆಯನ್ನು ನೆಟ್-ವೀಸಾ ಸುಮಾರು ಶೇ. 60ರಷ್ಟು ಇಳಿಸಿತು ಎಂದು ಅವರು ವರದಿ ಮಾಡಿದರು. ವಿಶ್ಲೇಷಕರ ಕಣ್ಣಿಗೂ ತಪ್ಪಿದ್ದ ಕೆಲವು ಕಂಪನಗಳನ್ನು ಹಿಡಿಯಿತು. 2013ರ ಫೆಬ್ರವರಿ 12ರ ಉತ್ತರ ಕೊರಿಯಾದ ಪರೀಕ್ಷೆಗೆ ಅದು ತೋರಿಸಿದ ಜಾಗ ಸುರಂಗದ ಬಾಯಿಂದ ಮುಕ್ಕಾಲು ಕಿಲೋಮೀಟರ್ ದೂರದಲ್ಲಿತ್ತು. ಇಡೀ ಭೂಮಿಯಲ್ಲಿ ಮುಕ್ಕಾಲು ಕಿಲೋಮೀಟರ್!

ಮನೆಯಲ್ಲಿ ಚಕ್ಕುಲಿ ಒರಳು ಇರುತ್ತದಲ್ಲ, ನನಗೆ ಈ ಸಂಬಂಧ ಹಾಗೆ ಕಾಣುತ್ತದೆ. ಒರಳು ಒಂದೇ, ಹಿಟ್ಟು ಒತ್ತುವ ಕೆಲಸವೂ ಒಂದೇ. ಅಚ್ಚು ಮಾತ್ರ ಬದಲಿಸುತ್ತೇವೆ: ಚಕ್ಕುಲಿಗೆ ಒಂದು, ಖಾರಸೇವೆಗೆ ಒಂದು. ಎಂಐಟಿಯವರ ಜೆನ್ ಎಂಬ ವ್ಯವಸ್ಥೆ, 2019ರದ್ದು, ಇದನ್ನೇ ಭಾಷೆಯ ಒಳಗೆ ತಂದಿದೆ. ಮಾದರಿ ಒಂದು ಕಡೆ ಬರೆಯಿರಿ, ಹುಡುಕುವ ಹೆಜ್ಜೆಗಳನ್ನು ಬೇಕಾದರೆ ನೀವೇ ಕೊಡಿ, ಕೂಡಿಸುವ ಲೆಕ್ಕ ತಪ್ಪದಂತೆ ನಾನು ನೋಡಿಕೊಳ್ಳುತ್ತೇನೆ ಎನ್ನುತ್ತದೆ.

ಹಾಗಂತ ಎಲ್ಲದಕ್ಕೂ ಒರಳು ಇಳಿಸಬೇಡಿ. ರಾಕೆಟ್ಟಿನ ಜಾಡು ಹಿಡಿಯಲು 1960ರ ಕಾಲ್ಮನ್ ಸೋಸುಕ ಎಂಬ ಲೆಕ್ಕದ ವಿಧಾನ ಸಾಕಾದರೆ ಅದನ್ನೇ ಹಾಕಿ. ಅರವತ್ತು ವರ್ಷ ಜನ ಉಜ್ಜಿ ನಯ ಮಾಡಿದ ಉಪಕರಣ ಅದು, ಅದರ ನಂಬಿಕೆಗಳು ಎಲ್ಲರಿಗೂ ಬಾಯಿಪಾಠ. ನನ್ನ ಭಯ ಇರುವುದು ನಿನ್ನೆ ರಾತ್ರಿ ಬರೆದ ವಿಶೇಷ ಕೋಡಿನ ಬಗ್ಗೆ.

ಸಹಕಾರ ಸಂಘದ ಕಥೆಗೆ ಒಂದು ಬಾಲ ಇದೆ, ಹೇಳಿ ಮುಗಿಸುತ್ತೇನೆ. ಆ 60 ಸಾಲಿನ ಪಟ್ಟಿಯನ್ನು ಈಗಲೂ ಪ್ರತಿ ರಾತ್ರಿ ಎರಡೂ ಕಡೆ ಓಡಿಸುತ್ತೇವೆ. ಆಗಾಗ ಹೊಸ 60 ಹಾಕುತ್ತೇವೆ. ಒಂದು ಸಲ ಮತ್ತೆ ಉತ್ತರ ಬೇರೆ ಬಂತು. ಸಾಮಾನ್ಯ ಮಾದರಿ ಎರಡು ಸಾಲನ್ನು ಒಬ್ಬರೇ ಅಂದಿತು, ವಿಶೇಷ ಕೋಡು ಇಬ್ಬರು ಅಂದಿತು. ಹೆಸರು ಅದೇ, ಮನೆ ಅದೇ, ಒಂದು ಸಾಲಿನಲ್ಲಿ ತಂದೆಯ ಹೆಸರಿನ ಜಾಗ ಖಾಲಿ. ನಾನು ಹಿಂದಿನ ಅನುಭವದ ಬಲದಿಂದ ಕೋಡಿನದೇ ತಪ್ಪು ಎಂದು ಅದನ್ನು ತಿದ್ದಲು ಕೂತೆ. ಸಂಘದ ಹಳೆಯ ಗುಮಾಸ್ತರು ಬಂದಿದ್ದರು, ಹಿಂದಿನಿಂದ ಪರದೆ ನೋಡಿ ನಕ್ಕರು.

“ಅಯ್ಯೋ, ಇವರು ಅಜ್ಜ ಸಾರ್. ಅವನು ಮೊಮ್ಮಗ. ಅಜ್ಜನ ಹೆಸರೇ ಇಟ್ಟಿದ್ದಾರೆ.”